ನಾನು ಬೇಡವೆಂದ ಸಾಕ್ಷಿ

ಅವ್ವ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ, ಅಣ್ಣ ಒಂದು ಮೃತ್ಯುಪತ್ರ ಹೊರತೆಗೆದ, ಅವ್ವ ಬರೆಸಿದ ಉಯಿಲಂತೆ. ಗಡಿಯಾಚೆ ಮರಾಠಿ ಸೀಮೆಯಲ್ಲಿರುವ ನಮ್ಮೂರು ಗುಂಜೋಟಿಯ ಹೊಲವೆಲ್ಲ ಅವನಿಗೆ. ನನಗೆ ಏನೂ ಇಲ್ಲ. ಬರಹವೆಲ್ಲ ಮರಾಠಿ, ಕೆಳಗೆ ಅವ್ವನ ಸಹಿ ಮಾತ್ರ ಕನ್ನಡ. ಅವ್ವನಿಗೆ ಮರಾಠಿ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ.

"ಇದು ಅವ್ವನ ಸಹಿ ಅಲ್ಲ," ಎಂದೆ.

"ಹಂಗಾದ್ರ ಕೋರ್ಟಿಗಿ ಹೋಗು," ಎಂದ ಅಣ್ಣ. "ನೀ ನಿಲಂಗಾದಾಗ ಗಂಡನ ಮನ್ಯಾಗ ಆರಾಮ ಕುಂತಿದ್ದಿ. ಆಕಿನ ಕೊನೀತನಕ ನೋಡಿದವ ನಾ."

ಅತ್ತಿಗೆ ನನ್ನ ಮುಂದಿನ ಕಪ್ಪನ್ನು ಎತ್ತಿಕೊಂಡು ಒಳಗೆ ಹೋದಳು. ಅದರಲ್ಲಿ ಇನ್ನೂ ಅರ್ಧ ಚಹಾ ಇತ್ತು.

ಉಮರ್ಗಾದಲ್ಲಿ ದಾವೆ ಹಾಕಿದೆ. "ಮಗಳು ಹೇಳಿದ್ರ ಕೋರ್ಟ್ ನಂಬಂಗಿಲ್ರಿ ಅಕ್ಕಾರ," ಎಂದರು ನನ್ನ ವಕೀಲರು. "ಕೈಬರಹದ ತಜ್ಞ ಬೇಕು. ಅದೂ ಕನ್ನಡ ಅಕ್ಷರ ಬಲ್ಲವ." ಸುತ್ತಲಿನ ತಜ್ಞರೆಲ್ಲ ಮರಾಠಿ ಬರಹ ನೋಡುವವರು. ಕನ್ನಡ ಸಹಿ ಎಂದ ಕೂಡಲೇ ಫೋನ್ ಇಟ್ಟುಬಿಡುತ್ತಿದ್ದರು.

ಉದಗೀರದಲ್ಲಿ ಒಬ್ಬ ಸಿಕ್ಕ. ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ಗೋಡೆಗೆ ಪ್ರಮಾಣಪತ್ರ ತೂಗುಹಾಕಿದ್ದ. ಹತ್ತಿರ ಹೋಗಿ ಓದಿದರೆ, ಅಕ್ಷರ ನೋಡಿ ಸ್ವಭಾವ ಹೇಳುವ ಮೂರು ತಿಂಗಳ ಅಂಚೆ ಕೋರ್ಸು. ನಾನು ಕೊಟ್ಟ ಮೃತ್ಯುಪತ್ರದ ಪ್ರತಿಯ ಮೇಲೆ ಭೂತಕನ್ನಡಿ ಹಿಡಿದು ಕೇಳಿದ:

"ನೀವ್ ಯಾರ ಕಡಿಯವ್ರು?"

"ಮಗಳು. ಸಹಿ ಅವ್ವಂದಲ್ಲ ಅಂತ ನನ್ನ ಮಾತು."

"ಹಂಗಾದ್ರ ಅಲ್ಲ ಅಂತ ಬರ್ದು ಕೊಡ್ತೀನ್ರಿ."

"ನೋಡದೇನ?"

"ನೋಡಲತೀನಲ್ರಿ."

ಕಾಗದ ಕಿತ್ತುಕೊಂಡೆ. ಹೊಟ್ಟೆಪಾಡಿಗೆ ಬೇರೆ ಕೆಲಸ ನೋಡಿಕೋ ಎಂದು ಬೈದು ಮೆಟ್ಟಿಲಿಳಿದೆ. ಸುಳ್ಳುಗಾರನ ಸಹಾಯ ನನಗೆ ಬೇಡವೆಂಬ ಗರ್ವ ಆಗ ಇತ್ತು.

ಮುಂದೆ ಎಷ್ಟೋ ತಿಂಗಳ ಮೇಲೆ ಕಲಬುರಗಿಯಲ್ಲಿ ನಿಜವಾದವರು ಸಿಕ್ಕರು. ಸರ್ಕಾರಿ ಕೆಲಸದಲ್ಲಿ ಇಡೀ ಆಯುಷ್ಯ ಖೋಟಾ ಸಹಿಗಳನ್ನೇ ನೋಡಿ ನಿವೃತ್ತರಾದ ಮನುಷ್ಯ. ಕೋರ್ಟಿನ ಅನುಮತಿಯಿಂದ ತೆಗೆಸಿದ ಮೃತ್ಯುಪತ್ರದ ಫೋಟೋಗಳನ್ನೂ ಬ್ಯಾಂಕಿನಲ್ಲಿದ್ದ ಅವ್ವನ ಹಳೆಯ ಸಹಿಗಳ ಪ್ರತಿಗಳನ್ನೂ ಅವರ ಮುಂದಿಟ್ಟೆ. ಯಾರ ಕಡೆಯವಳೆಂದು ಅವರು ಕೇಳಲಿಲ್ಲ. ಒಂದು ಲೋಟ ನೀರನ್ನೂ ಕೊಡಲಿಲ್ಲ. ಎರಡು ತಾಸು ದೀಪದ ಕೆಳಗೆ ಬಗ್ಗಿಕೊಂಡೇ ಇದ್ದರು.

"ಸಹಿ ಇವರದೇ ಅದ," ಎಂದರು.

"ಇನ್ನೊಮ್ಮೆ ನೋಡ್ರಿ."

"ನೋಡೇ ಹೇಳಲತೀನಿ. ಕೊಂಬು ಹಾಕೂ ಮುಂದ ಪೆನ್ ಎತ್ತಿ ಮತ್ತ ಇಡೂ ಚಟ ಅದ ಇವರಿಗಿ. ಇಲ್ಲೂ ಅದ. ನಕಲು ಮಾಡವನ ಕಣ್ಣಿಗಿ ಅದು ಬೀಳಂಗಿಲ್ಲ. ಬರ್ದು ಕೊಡಬೇಕಂದ್ರ ಮೂಲ ಪತ್ರ ನೋಡಬೇಕು. ಆದ್ರ ನನ್ನ ಮಾತು ಬದಲಾಗ್ತದಂತ ಆಸೆ ಇಟ್ಕೋಬ್ಯಾಡ್ರಿ."

"ಓದ್ಲಿಕ್ಕಿ ಬರದ ಕಾಗದಕ್ಕ ಆಕಿ ಯಾಕ ಸಹಿ ಮಾಡಿದ್ಲು?"

"ಅದು ಅಕ್ಷರದಾಗ ಕಾಣಂಗಿಲ್ಲ ತಾಯಿ."

ಆಳಂದದವರೆಗೂ ಬಸ್ಸಿನಲ್ಲಿ ಅವರನ್ನೇ ಶಪಿಸಿದೆ. ಆಮೇಲೆ ಅವ್ವನ ಮೇಲೆ ಸಿಟ್ಟು ಬಂತು. ಸತ್ತವಳ ಮೇಲೆ ಅಷ್ಟು ಸಿಟ್ಟು ಬರಬಹುದೆಂದು ನನಗೆ ಗೊತ್ತಿರಲಿಲ್ಲ.

ವಕೀಲರಿಗೆ ಹೇಳಿದಾಗ ಅವರು ಫೈಲು ಮುಚ್ಚಿದರು. "ನೀವು ಕಲಬುರಗಿಗಿ ಹೋಗೇ ಇಲ್ಲ, ತಿಳೀತಾ?" ಎಂದರು. ನಾನು ಒಪ್ಪಿ ತಲೆಯಾಡಿಸಿದೆ.

ವಿಚಾರಣೆಯ ದಿನ ಅಣ್ಣನ ಕಡೆಯಿಂದ ಒಬ್ಬ ಕೈಬರಹ ತಜ್ಞ ಕಟಕಟೆ ಹತ್ತಿದ. ಅದೇ ಉದಗೀರದವನು. ಸಹಿ ಅವ್ವನದೇ ಎಂದು ವರದಿ ಕೊಟ್ಟಿದ್ದ. ನನ್ನನ್ನು ಕಂಡು ಮುಖ ತಿರುಗಿಸಿದ. ನನ್ನ ವಕೀಲರು ಅವನ ಚರ್ಮ ಸುಲಿದರು. ಕೋರ್ಸು ಎಷ್ಟು ತಿಂಗಳದ್ದು? ಅಂಚೆಯಲ್ಲಿ ಕಲಿತದ್ದೋ? ಮೂಲ ಪತ್ರ ಕಣ್ಣಾರೆ ಕಂಡಿದ್ದೀರೋ? ಇದೇ ಸಹಿ ಖೋಟಾ ಎಂದು ಈ ಹೆಣ್ಣುಮಗಳಿಗೆ ಬರೆದುಕೊಡಲು ಒಪ್ಪಿದ್ದಿರೋ ಇಲ್ಲವೋ? ಅವನು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಲೇ ಇದ್ದ. ಕೊನೆಗೆ ಕುಗ್ಗಿದ ದನಿಯಲ್ಲಿ, "ಸಾಹೇಬ್ರ, ಏನೇ ಅನ್ರಿ, ಸಹಿ ಮಾತ್ರ ಆ ಮುದುಕಿದೇ ಅದ," ಎಂದ.

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಾನೂ ನಕ್ಕೆ. ಆ ಕೋಣೆಯಲ್ಲಿ ಅವನು ಹೇಳಿದ್ದು ನಿಜವೆಂದು ಅಣ್ಣನ ಕಡೆಯವರನ್ನು ಬಿಟ್ಟರೆ ಗೊತ್ತಿದ್ದದ್ದು ನನಗೆ ಮತ್ತು ನನ್ನ ವಕೀಲರಿಗೆ.

ಪತ್ರಕ್ಕೆ ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬ ಸತ್ತಿದ್ದ, ಇನ್ನೊಬ್ಬ ಅತ್ತಿಗೆಯ ತಮ್ಮ. ಕೋರ್ಟು ಮೃತ್ಯುಪತ್ರವನ್ನು ನಂಬಲಿಲ್ಲ. ಅರ್ಧ ಹೊಲ ನನ್ನದಾಯಿತು.

ಹೊರಗೆ ಮೆಟ್ಟಿಲ ಮೇಲೆ ಅಣ್ಣ ಅಡ್ಡ ನಿಂತ. "ಅವ್ವ ನನ್ನ ಎದುರಿಗೇ ಸಹಿ ಮಾಡ್ಯಾಳ."

"ಓದಿ ಹೇಳಿದ್ದಿ ಏನು ಆಕಿಗಿ?"

"ಆಕಿ ಕೇಳಲಿಲ್ಲ."

ಆ ಉತ್ತರವನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಆದರೂ ಆ ಬೆವರಿದ ಮನುಷ್ಯನನ್ನು ನೋಡಿ ನಕ್ಕದ್ದಕ್ಕೆ ಅದು ಉತ್ತರವಾಗುವುದಿಲ್ಲ. ಕಲಬುರಗಿಯ ಮಾತನ್ನು ಅಣ್ಣನಿಗೆ ಇಂದಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಹೊಲದಲ್ಲಿ ನನ್ನನ್ನು ಕಂಡರೆ ಅವನು ಬದುವಿನ ಆಚೆಯಿಂದ ಉಗುಳುತ್ತಾನೆ. ನಾನು ಉಗುಳುವುದಿಲ್ಲ. ಅದನ್ನು ಕ್ಷಮೆಯೆಂದು ಯಾರೂ ತಿಳಿಯಬಾರದು.