ಸ್ಲ್ಯಾಬಿನ ಕೆಳಗೆ ಕೂರುತ್ತಿದ್ದ ಕಾಕಾ

ಕಾಕಾನ ಹೆಬ್ಬೆರಳಿನಲ್ಲಿ ಗೆರೆಗಳೇ ಉಳಿದಿರಲಿಲ್ಲ. ಹಸಿ ಕಾಂಕ್ರೀಟನ್ನು ಬರಿಗೈಯಲ್ಲಿ ಹಿಚುಕಿ ನೋಡುವ ಚಟ ಅವರಿಗೆ. ಸಿಮೆಂಟು ಬೆರಳ ತುದಿಗಳನ್ನೆಲ್ಲ ತಿಂದುಹಾಕಿತ್ತು. ಕಚೇರಿಯಲ್ಲಿ ಹಾಜರಿಗೆಂದು ಇಟ್ಟ ಹೆಬ್ಬೆಟ್ಟಿನ ಯಂತ್ರ ಅವರನ್ನು ಒಪ್ಪುತ್ತಲೇ ಇರಲಿಲ್ಲ. "ಸರ್ಕಾರಕ್ಕ ನನ್ನ ಗುರ್ತು ಹತ್ತೂದಿಲ್ಲ ಬಿಡವಾ," ಎಂದು ನಗುತ್ತಿದ್ದರು. ಅವರೇನೋ ನಕ್ಕುಬಿಡುತ್ತಿದ್ದರು. ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಕಾಕಾ ನನ್ನ ಅಪ್ಪನ ತಮ್ಮ, ಸರ್ಕಾರಿ ಕಟ್ಟಡ ಕಟ್ಟಿಸುವ ಇಲಾಖೆಯಲ್ಲಿ ಎಂಜಿನಿಯರ್. ಹೈದರಾಬಾದಿಗೆ ಓದಲು ಬಂದ ನಾನು ಕಾಚಿಗೂಡದ ಅವರ ಮನೆಯಲ್ಲಿ ಆರು ವರ್ಷ ಉಂಡಿದ್ದೇನೆ. ಮದುವೆಗೆ ಹೋದರೂ ವಧೂವರರಿಗಿಂತ ಮೊದಲು ಮೇಲಿನ ತೊಲೆ ನೋಡುವ ಮನುಷ್ಯ; ಹೆಂಡತಿ, ಅಂದರೆ ನಮ್ಮ ಕಾಕು, ಮೊಣಕೈಯಿಂದ ತಿವಿದ ಮೇಲೆಯೇ ಅಕ್ಷತೆ.

ಅವರದೊಂದು ಪದ್ಧತಿಯಿತ್ತು. ಸ್ಲ್ಯಾಬು ಹಾಕಿ ದಿನ ತುಂಬಿದ ಮೇಲೆ ಸೆಂಟ್ರಿಂಗ್ ಬಿಚ್ಚುತ್ತಾರಲ್ಲ, ಕೆಳಗಿನ ಹಲಗೆ, ಆಸರೆ ಕಂಬ ತೆಗೆಯುವುದು, ಆಗ ತಾವೂ ಕುರ್ಚಿ ಹಾಕಿಸಿಕೊಂಡು ಆ ಸ್ಲ್ಯಾಬಿನ ಕೆಳಗೇ ಕೂರುವರು. ಕೈಯಲ್ಲಿ ಚಹಾ. ಯಾದಗಿರಿ ಕಡೆಯಿಂದ ಬಂದ ಕೂಲಿಯವರಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿರಲಿಲ್ಲ. "ಸಾಹೇಬ್ರು ಕುಂತಾರ, ಬಿಚ್ರಪಾ," ಎಂದು ಮೇಸ್ತ್ರಿ ಕೂಗಿದರೆ ಕೆಲಸ ಶುರು. "ನಾ ಕೂಡಲಾರದ ಜಾಗಾದಾಗ ಅವರನ್ನ ನಿಲ್ಲಸಬಾರದು," ಎನ್ನುತ್ತಿದ್ದರು ಕಾಕಾ.

ಆಮೇಲೆ ಒಂದು ಶಾಲೆಯ ಕಟ್ಟಡ ಬಂತು. ಉದ್ಘಾಟನೆಯ ಮುಹೂರ್ತ ಮೊದಲೇ ಇಟ್ಟುಬಿಟ್ಟಿದ್ದರು. ಸ್ಲ್ಯಾಬು ಹಾಕಿ ಎಂಟೇ ದಿನವಾಗಿತ್ತು, ಅಷ್ಟಗಲದ್ದು ಗಟ್ಟಿಯಾಗಲು ಎರಡು ವಾರವಾದರೂ ಬೇಕು. ಸಭಾಂಗಣದ ತುಂಬ ಕಂಬ ನಿಂತಿದ್ದರೆ ದೊಡ್ಡವರಿಗೆ ಶಾಲು ಹೊದಿಸುವುದೆಲ್ಲಿ? ಬಿಚ್ಚಿಸಿ ಎಂದರು ಮೇಲಧಿಕಾರಿ. ಕಾಕಾ ಒಲ್ಲೆ ಎಂದರು. ಮರುದಿನ ಬೆಳಿಗ್ಗೆ ಅವರನ್ನು ಕಚೇರಿಗೆ ಕರೆಸಿ ಮೀಟಿಂಗಿನಲ್ಲಿ ಕೂರಿಸಿದರು. ಮೀಟಿಂಗಿಗೆ ವಿಷಯವೇ ಇರಲಿಲ್ಲ, ಬಿಸ್ಕತ್ತು ಮಾತ್ರ ಇತ್ತು.

ಅಷ್ಟರಲ್ಲಿ ಮೇಸ್ತ್ರಿಯ ಫೋನು. "ಸಾಹೇಬ್ರ, ಬಿಚ್ಚು ಅಂತ ಕಾಂಟ್ರ್ಯಾಕ್ಟರು ಮೈಮ್ಯಾಲ ಬರಾಕತ್ತಾರ್ರಿ. ದೊಡ್ಡ ಸಾಹೇಬ್ರ ಹುಕುಂ ಐತಂತ. ಏನ್ ಮಾಡ್ಲಿರಿ?"

"ಮುಟ್ಟಬ್ಯಾಡ, ನಾ ಬಂದೆ," ಎಂದು ಕಾಕಾ ಎದ್ದರು. ಕೂತುಕೊಳ್ಳಿ ಎಂದರು ಮೇಲಧಿಕಾರಿ. ನೌಕರಿಯ ಹಾಳು ಅಭ್ಯಾಸ ನೋಡಿ, ಕಾಕಾ ಕೂತರು. ಅರ್ಧ ಗಂಟೆ. ಅಷ್ಟರೊಳಗೆ ಕಂಬ ತೆಗೆಸಿದರು, ಸ್ಲ್ಯಾಬು ಬಿತ್ತು, ಮೇಸ್ತ್ರಿ ಅದರಡಿ ಸತ್ತ.

ವಿಚಾರಣೆಯ ವರದಿ ಬರೆದವರು ಯಾರು? ಅದೇ ಮೇಲಧಿಕಾರಿ! ಕಳ್ಳನ ಕೈಗೇ ಕೀಲಿಕೈ. 'ಮೃತ ಮೇಸ್ತ್ರಿಯು ಅಪ್ಪಣೆಯಿಲ್ಲದೆ ಸೆಂಟ್ರಿಂಗ್ ಬಿಚ್ಚಿದ್ದೇ ಕಾರಣ' ಎಂದು ಒಂದು ಸಾಲು. ಬರೆದ ಕೈಗೆ ನಾಚಿಕೆ ಬೇಡವೇ? ಫೋನಿನ ಮಾತನ್ನೆಲ್ಲ ಬರೆದು ಕಾಕಾ ಅರ್ಜಿ ಕೊಟ್ಟರು. ನಿವೃತ್ತರಾದ ಮೇಲೂ ತಿಂಗಳಿಗೊಮ್ಮೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆ ಸಾಲು ತೆಗೆಯಿರಿ ಎಂದು ಕೇಳಲು ಕಚೇರಿಗೆ ಹೋಗುವರು, ಬೆಂಚಿನ ಮೇಲೆ ಕೂತು ಬರುವರು.

"ಹೋಗ್ಲಿ ಬಿಡ್ರಿ ಕಾಕಾ, ಅದರಾಗ ನಿಮ್ಮ ಹೆಸರಂತೂ ಇಲ್ಲಲ್ಲ," ಎಂದಿದ್ದೆ ಒಮ್ಮೆ, ಅವರ ಮನೆಯ ಅನ್ನ ಉಣ್ಣುತ್ತಲೇ.

ಕಾಕಾ ತಟ್ಟೆ ಸರಿಸಿದರು. "ಜೀವಾನೂ ಅವಂದ ಹೋತು, ತಪ್ಪೂ ಅವಂದ ಆತು. ಅವತ್ತ ನಾ ಎದ್ದು ಹೋಗಬೇಕಾಗಿತ್ತವಾ."

ನಾನಾಡಿದ ಮಾತಿಗೆ ನಾನು ಇನ್ನೂ ನಾಚುತ್ತೇನೆ.

ಹೋದ ತಿಂಗಳು ಕಾಕಾ ತೀರಿಕೊಂಡರು. ಸಾಲು ಹಾಗೇ ಇದೆ. ಹದಿಮೂರನೆಯ ದಿನ, ಇನ್ನೂ ನೌಕರಿಯಲ್ಲಿರುವ ಆ ಮೇಲಧಿಕಾರಿ ಗುಲಾಬಿ ಹಾರ ಹಿಡಿದು ಬಂದರು. ಫೋಟೋಗೆ ಹಾಕಿ, ಇಂಥ ಪ್ರಾಮಾಣಿಕರು ಇನ್ನು ಹುಟ್ಟುವುದಿಲ್ಲ ಎಂದು ತೆಲುಗಿನಲ್ಲಿ ಕೊಂಡಾಡಿದರು. ಆ ಸಾಲು ಯಾವಾಗ ತೆಗೆಯುತ್ತೀರಿ ಎಂದು ನಾನೂ ತೆಲುಗಿನಲ್ಲೇ ಕೇಳಿದೆ. "ಇಪ್ಪುಡು ಅವನ್ನೀ ಎಂದುಕಮ್ಮಾ?" ಎಂದರು, ಈಗ ಅದೆಲ್ಲ ಯಾಕಮ್ಮಾ ಎಂದು.

ನಾನು ಹಾರ ತೆಗೆದು ಅವರ ಕೈಗೇ ಕೊಟ್ಟೆ. ಬಂದವರೆಲ್ಲ ನೆಲ ನೋಡಿದರು. ಕಾಕು ಎದ್ದು ಒಳಗೆ ಹೋದರು, ನನ್ನನ್ನು ಬೈಯುತ್ತಾರೆ ಎಂದುಕೊಂಡೆ. ಅವರು ಕಾಕಾನ ಅರ್ಜಿಯ ಒಂದು ಪ್ರತಿಯನ್ನು ತಂದು ಆ ಹಾರದ ಮೇಲಿಟ್ಟರು. ಆತನಿಗೆ ಕನ್ನಡ ತಿಳಿಯುತ್ತದೆಂದು ಕಾಕುಗೆ ಗೊತ್ತಿತ್ತು, ಕನ್ನಡದಲ್ಲೇ ಹೇಳಿದರು.

"ಇದನ್ನೂ ಒಯ್ರಿ ಸಾಹೇಬ್ರ. ಮುಂದಿನ ತಿಂಗಳಿಂದ ನಾ ಬರ್ತೀನಿ."