ಉಗ್ರಪ್ಪನವರ ಹದ್ದುಗಳು

ಜರಗನಹಳ್ಳಿಯಲ್ಲಿ ನಮ್ಮ ಓನರ್ ರುದ್ರಮ್ಮನವರ ಮನೆ ಮುಂದೆ ಇನ್ನೂ ಅಂಗೈಯಗಲ ಮಣ್ಣಿನ ಅಂಗಳ ಉಳಿದಿದೆ. ಸುತ್ತಲೂ ಬಾಡಿಗೆ ಕಟ್ಟಡಗಳು, ನಡುವೆ ಅವರ ನಾಟಿ ಕೋಳಿಗಳು. ಮಹಡಿಯಲ್ಲಿ ಬಾಡಿಗೆಗಿರುವ ನಾನೋ ಈರುಳ್ಳಿಯನ್ನೂ ಮುಟ್ಟದ ಮನೆಯಿಂದ ಬಂದವಳು. ಬೆಳಗಿನ ಜಾವ ಹುಂಜ ಕೂಗಿದಾಗಲೆಲ್ಲ ಅದರ ವಂಶಕ್ಕೇ ಶಾಪ ಹಾಕಿದ್ದೇನೆ.

ರುದ್ರಮ್ಮನವರ ಯಜಮಾನರು ಉಗ್ರಪ್ಪನವರದು ಒಂದು ವಿಚಿತ್ರ ಸಿದ್ಧಾಂತ. ಹೊಟ್ಟೆ ತುಂಬಿದ ಹದ್ದು ಕೋಳಿಮರಿ ಮುಟ್ಟುವುದಿಲ್ಲವಂತೆ. ದಿನಾ ಸಂಜೆ ಕೋಳಿ ಅಂಗಡಿಯಿಂದ ಕರುಳು, ಚರ್ಮ ತಂದು, ತಾರಸಿ ಹತ್ತಿ ಗಾಳಿಗೆ ಎಸೆಯುತ್ತಿದ್ದರು. ಎಲ್ಲಿರುತ್ತಿದ್ದವೋ ಏನೋ, ಹದ್ದುಗಳ ಹಿಂಡೇ ಬಂದು ಮೇಲೆಯೇ ಹಿಡಿದು ತಿನ್ನುತ್ತಿದ್ದವು. ಇದು ಹಾವಿಗೆ ಹಾಲೆರೆದ ಹಾಗೆ ಎಂದು ನಾನು ಎಷ್ಟೋ ಸಲ ಜಗಳ ಆಡಿದ್ದೆ. ಆದರೂ ಇದ್ದದ್ದು ಹೇಳಬೇಕಲ್ಲ, ಅವರಿದ್ದಷ್ಟು ದಿನ ಒಂದು ಮರಿಯೂ ಹೋಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ಕೋಳಿಯನ್ನು ಕಾವಿಗೆ ಕೂರಿಸಿದವರು, ಮೊಟ್ಟೆ ಒಡೆಯುವ ಮುಂಚೆಯೇ ಎದೆನೋವೆಂದು ಹೋಗಿಬಿಟ್ಟರು. ತಿಥಿಯ ಹೊತ್ತಿಗೆ ಅಂಗಳದ ತುಂಬ ಮರಿಗಳು. ಅವುಗಳನ್ನು ನೋಡಿಕೊಂಡೇ ರುದ್ರಮ್ಮ ಹಾಸಿಗೆ ಬಿಟ್ಟು ಎದ್ದರು. ಇವು ಅವರು ಕೂರಿಸಿದ್ದು, ಇದರಲ್ಲಿ ಒಂದೂ ಹೋಗಬಾರದು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಸಾವಿನ ಸುದ್ದಿಯನ್ನು ಹದ್ದುಗಳಿಗೆ ಹೇಳುವವರು ಯಾರು? ಸಂಜೆಯಾದರೆ ಬಂದು ಸುತ್ತುತ್ತಿದ್ದವು. ಎಸೆಯುವ ಕೈ ಇಲ್ಲ. ಹಸಿದವು ಅಂಗಳದತ್ತ ನೋಡಿದವು. ಮೊದಲ ಮರಿ ಹೋದ ದಿನ ರುದ್ರಮ್ಮ ಅಲ್ಲೇ ಕುಸಿದು ಕೂತು ಅತ್ತರು. ಗಂಡ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಆಮೇಲೆ ಹದ್ದು ಬೆದರಲೆಂದು ಕರಿ ಕೊಡೆ ಬಿಚ್ಚಿಟ್ಟರು, ಬಿಸಿಲಿಗೆ ಹೊಳೆಯುವ ಹಳೆಯ ಸಿಡಿ ಕಟ್ಟಿದರು, ಕೋಲು ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಇನ್ನೊಂದು ಮಾಯ. ಕೊನೆಗೆ ನಾನೇ ಬೈದು, ಬಾಲ್ಕನಿಗಳಿಗೆ ಪಾರಿವಾಳದ ಬಲೆ ಕಟ್ಟುವ ಕೈಲಾಸನನ್ನು ಕರೆಸಿ ಇಡೀ ಅಂಗಳಕ್ಕೆ ಬಲೆ ಹಾಕಿಸಿದೆ.

ಮಿಕ್ಕ ಮರಿಗಳು ಬದುಕಿಕೊಂಡವು. ಹದ್ದುಗಳು ಸ್ವಲ್ಪ ದಿನ ಸುತ್ತಿದವು, ಬರಬರುತ್ತಾ ಕಡಿಮೆಯಾದವು. ಪೀಡೆ ತೊಲಗಿತು ಅಂತ ನನಗೆ ಖುಷಿಯೋ ಖುಷಿ. ರುದ್ರಮ್ಮ ಮಾತ್ರ ಬಲೆಯ ಕೆಳಗೆ ಕೂತು, ಮರಿಗಳನ್ನು ಬಿಟ್ಟು ಆಕಾಶ ನೋಡುತ್ತಿದ್ದರು. ಊಟ ಮಾಡಿ ಎಂದರೆ ಆಮೇಲೆ ಅನ್ನುವರು.

ಮೊನ್ನೆ ಸಂಜೆ ನೋಡುತ್ತೇನೆ, ಕವರಿನ ತುಂಬ ಕರುಳು ಹಿಡಿದುಕೊಂಡು ತಾರಸಿ ಮೆಟ್ಟಿಲು ಹತ್ತುತ್ತಿದ್ದಾರೆ. ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿಂದೆಯೇ ಓಡಿದೆ. ಅಷ್ಟು ಕಷ್ಟಪಟ್ಟು ಬಲೆ ಹಾಕಿಸಿ, ಈಗ ನೀವೇ ಕರೆದು ಬಡಿಸುತ್ತೀರಾ, ತಲೆ ಕೆಟ್ಟಿದೆಯಾ ಎಂದು ರೇಗಿದೆ.

ಅವರಿಗೆ ಸಿಟ್ಟು ಬರಲಿಲ್ಲ. ಒಂದು ಹಿಡಿ ತೆಗೆದು ಮೇಲಕ್ಕೆ ಎಸೆದರು. ಅದು ಹಾಗೇ ತಾರಸಿಗೆ ಬಿತ್ತು. ಆಕಾಶದಲ್ಲಿ ಒಂದೂ ಇರಲಿಲ್ಲ.

"ದಿನಾ ಈ ಹೊತ್ಗೆ ಅವರನ್ನ ಹುಡುಕ್ಕೊಂಡು ಬರ್ತಿದ್ವು ವಿಮಲಮ್ಮ," ಅಂದರು. "ಅವೂ ಬರೋದು ಬಿಟ್ಬಿಟ್ರೆ, ಅವರ ದಾರಿ ಕಾಯೋಳು ನಾನೊಬ್ಳೇ ಆಗ್ಬಿಡ್ತೀನಿ."