ಹುಡುಗನ ಕಣ್ಣು ಹೆಂಗೈತಿ?

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೊಟ್ಟು ಬಿಡಿಸುವ ಬೀರವ್ವನನ್ನು ಈಗ ದೂರದೂರದ ಜನರೂ ಬಲ್ಲರು. ಟಿ.ವಿ.ಯಲ್ಲಿ ಹುಡುಗನ ಕಣ್ಣಿಗೆ ಖಾರ ಹಚ್ಚಿದ ಅಜ್ಜಿ ಎಂದರೆ ಸಾಕು, ಗುರುತು ಸಿಗುತ್ತದೆ. ನಾನು ಆಕೆಯ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೇನೆ. ಮೆಣಸಿನಕಾಯಿಯ ಬಣ್ಣ ಮತ್ತು ಖಾರ ಅಳೆಯುವ ಪ್ರಯೋಗಾಲಯವೊಂದರಲ್ಲಿ ನನ್ನ ಕೆಲಸ. ಮಾದರಿ ತರಲು ಪೇಟೆಗೆ ಹೋದಾಗಲೆಲ್ಲ ಬೀರವ್ವ ರಾಶಿಯ ಮುಂದೆ ಕುಳಿತಿರುವುದನ್ನು ನೋಡುತ್ತಿದ್ದೆ.

ಕಾಗಿನೆಲೆ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು ಬೀರವ್ವ. ಗಂಡ ಹೊಳಿಯಪ್ಪ ಪೇಟೆಯಲ್ಲಿ ಹಮಾಲಿ. ಮಗ ಇನ್ನೂ ಮೊಲೆಹಾಲು ಕುಡಿಯುತ್ತಿದ್ದಾಗ ಆಕೆ ಈ ಕೆಲಸ ಹಿಡಿದಳು. ಮೊದಲ ಹಂಗಾಮಿನಲ್ಲಿ ಸಂಜೆ ಮನೆಗೆ ಬಂದರೆ ಕೈ ಉರಿದು ಊಟ ಬೇಡವಾಗುತ್ತಿತ್ತಂತೆ. ಮಜ್ಜಿಗೆಯ ಪಾತ್ರೆಯಲ್ಲಿ ಕೈ ಅದ್ದಿ ಕೂರುತ್ತಿದ್ದಳಂತೆ. ಬರಬರುತ್ತ ಉರಿ ಕಡಿಮೆಯಾಯಿತು, ಆಮೇಲೆ ಪೂರಾ ಹೋಯಿತು. "ಈಗ ನನ್ನ ಕೈಗೆ ಖಾರ ಅನ್ನೂದ ಗೊತ್ತಾಗೂದಿಲ್ಲ ತಮ್ಮಾ," ಎಂದು ಒಮ್ಮೆ ಅಂಗೈ ತೋರಿಸಿದ್ದಳು. ಹಾಗಾಗುವುದು ಸಹಜ. ಖಾರ ಪದೇ ಪದೇ ತಾಗಿದ ಚರ್ಮದ ನರಗಳು ಕ್ರಮೇಣ ಅದನ್ನು ಗುರುತಿಸುವುದನ್ನೇ ಬಿಡುತ್ತವೆ. ಆದರೆ ಕೈಗೆ ತಿಳಿಯದಿದ್ದರೂ ಖಾರ ಕೈಮೇಲೆ ಇದ್ದೇ ಇರುತ್ತದೆ. ಮುಂದೆ ನಡೆದದ್ದಕ್ಕೆಲ್ಲ ಇದೇ ಮೂಲ.

'ಹತ್ತೂರ ಓಟ' ಎಂಬ ಟಿ.ವಿ. ಸ್ಪರ್ಧೆಯವರು ಚಳಿಗಾಲದ ಕೊನೆಗೆ, ಪೇಟೆ ಕೆಂಪಾಗಿ ತುಂಬಿದ್ದಾಗ ಬಂದರು. ಜೋಡಿ ಜೋಡಿಯಾಗಿ ಸ್ಪರ್ಧಿಗಳು, ಕೈಯಲ್ಲಿ ದುಡ್ಡಿಲ್ಲ. ಪ್ರತಿ ಊರಿನಲ್ಲಿ ಅಲ್ಲಿಯ ಒಂದು ಕೆಲಸ ಮಾಡಿ ಮುಗಿಸಬೇಕು, ಯಾರನ್ನಾದರೂ ಕೇಳಿಕೊಂಡು ಮುಂದಿನ ಊರು ಸೇರಬೇಕು. ಕೊನೆಗೆ ಬಂದ ಜೋಡಿ ಆಟದಿಂದ ಹೊರಗೆ. ನಮ್ಮ ಊರಿನ ಕೆಲಸ, ಒಂದು ಬುಟ್ಟಿ ಕಾಯಿಯ ತೊಟ್ಟು ಬಿಡಿಸುವುದು. ಅದಾದ ಮೇಲೆ ರಾಣೆಬೆನ್ನೂರಿನ ರೈಲು ನಿಲ್ದಾಣ ಮುಟ್ಟುವುದು.

ಆ ಹೊತ್ತಿಗೆ ನಾನು ಪೇಟೆಯಲ್ಲಿರಲಿಲ್ಲ, ಆಮೇಲೆ ಕೇಳಿ ತಿಳಿದದ್ದು. ಬೀರವ್ವನ ಎದುರಿಗೆ ಕುಳಿತದ್ದು ಮೈಸೂರಿನ ಅಣ್ಣ ತಂಗಿ, ಚನ್ನೇಶ ಮತ್ತು ಕಾವ್ಯಾ. ಹುಡುಗ ಪ್ರತಿ ಕಾಯಿಗೂ "ಅಜ್ಜಿ, ಹಿಂಗೇನಾ? ಸರಿಯಾಗಿದ್ಯಾ?" ಎಂದು ಕೇಳುತ್ತಿದ್ದ. ಬೀರವ್ವನಿಗೆ ಅವನು ಹಿಡಿಸಿದ. ಸ್ವಲ್ಪ ಹೊತ್ತಿಗೆ ಘಾಟಿಗೆ ಅವನಿಗೆ ಸೀನು ಶುರುವಾಯಿತು, ಕಣ್ಣಲ್ಲಿ ನೀರು ಇಳಿಯಿತು. "ಅಯ್ಯ ನನ್ನಪ್ಪಾ," ಎನ್ನುತ್ತ ಬೀರವ್ವ ಮುಂದೆ ಬಾಗಿ, ಮನೆಯ ಮಕ್ಕಳಿಗೆ ಮಾಡುವಂತೆ, ಎರಡೂ ಅಂಗೈಯಿಂದ ಅವನ ಕಣ್ಣೊರೆಸಿದಳು.

ಅವನು ಕೂಗಿದ ಕೂಗಿಗೆ ದಲಾಲರ ಅಂಗಡಿಯೊಳಗಿದ್ದವರು ಎದ್ದು ಬಂದರು. ಯಾರೋ ಕೊಡದಲ್ಲಿ ನೀರು ತಂದು ಸುರಿದರು. ಟಿ.ವಿ.ಯವರು ಅವನ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿ, ಇಬ್ಬರು ಕೈಹಿಡಿದು ನಡೆಸಿ ಗಾಡಿಗೆ ಹತ್ತಿಸಿದರು. ಗಾಡಿ ಹೋಯಿತು. ಬೀರವ್ವ ತನ್ನ ಅಂಗೈ ನೋಡುತ್ತ ಕುಳಿತಳು.

ಮರುದಿನ ಆಕೆ ಬಸ್ಸು ಹತ್ತಿ ಹಾವೇರಿಗೆ ಹೋದಳು. ದೊಡ್ಡ ಆಸ್ಪತ್ರೆಯ ಕಣ್ಣಿನ ವಿಭಾಗದ ಮುಂದೆ ನಿಂತು ಮೈಸೂರಿನ ಹುಡುಗನೊಬ್ಬ ಬಂದಿದ್ದನೇ ಎಂದು ವಿಚಾರಿಸಿದಳು. ಅಂಥವರು ಯಾರೂ ಬಂದಿಲ್ಲ ಎಂದರು.

"ಅಂದ್ರ ಇಲ್ಲಿ ಆಗೂದಿಲ್ಲಂತ ಹುಬ್ಬಳ್ಳಿಗೆ ಒಯ್ದಾರ," ಎಂದಳು ನನ್ನ ಮುಂದೆ.

"ಆಸ್ಪತ್ರೆನ ಬೇಕಾಗಿಲ್ಲ ಅಂತಾನೂ ಆಗಬಹುದಲ್ಲ ಬೀರಜ್ಜಿ? ಖಾರದಿಂದ ಕಣ್ಣು ಉರೀತೈತಿ, ಕೆಂಪಾಗತೈತಿ, ಆಮ್ಯಾಲ ಇಳೀತೈತಿ. ಅದೂ ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ."

"ಅವತ್ತು ನನ್ನ ಮುಂದ ಇದ್ದದ್ದು ಬ್ಯಾಡಗಿ ಕಾಯಲ್ಲ, ಗುಂಟೂರು ಕಡೀದು. ನೀ ಓದಿದ್ದು ಹೇಳಾಕತ್ತೀ ತಮ್ಮಾ. ಅವ ಕೂಗಿದ್ದು ನೀ ಕೇಳಿಲ್ಲ."

ನಾನು ಹೇಳಿದ್ದು ಸಾಮಾನ್ಯವಾಗಿ ಆಗುವ ಮಾತು. ಆಕೆಗೆ ಬೇಕಾಗಿದ್ದದ್ದು ಒಬ್ಬ ಹುಡುಗನ ಸುದ್ದಿ. ಅದು ಯಾರಿಂದಲೂ ಬರಲಿಲ್ಲ. ಮೊಮ್ಮಗಳು ಪ್ರಿಯಾಂಕಾ ಹಾವೇರಿಯಲ್ಲಿ ಕಾಲೇಜು ಓದುತ್ತಾಳೆ. ಚನ್ನೇಶನ ಖಾತೆ ಹುಡುಕಿ ಸಂದೇಶ ಕಳಿಸಿದಳು. ಪ್ರಸಾರ ಮುಗಿಯುವವರೆಗೆ ಸ್ಪರ್ಧಿಗಳು ಯಾರೊಂದಿಗೂ ಮಾತಾಡುವಂತಿಲ್ಲವಂತೆ. ಸಂದೇಶ ಹಾಗೇ ಉಳಿಯಿತು.

ಬ್ಯಾಡಗಿಯ ಕಂತು ಬಂದದ್ದು ಮಳೆಗಾಲ ಹಿಡಿದ ಮೇಲೆ. ಬೀರವ್ವನ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಓಣಿಯ ಹೆಂಗಸರೆಲ್ಲ ಬಂದಿದ್ದರು. ಬೀರವ್ವ ಕಾಣಿಸಿದಾಗ ಚಪ್ಪಾಳೆ ಹೊಡೆದರು. ಕಣ್ಣೊರೆಸುವ ದೃಶ್ಯವನ್ನು ನಿಧಾನ ಮಾಡಿ, ಹಿಂದೆ ತಮಾಷೆಯ ಸಂಗೀತ ಹಾಕಿ ಮೂರು ಸಲ ತೋರಿಸಿದರು. ಆಮೇಲೆ ನೇರ ರಾಣೆಬೆನ್ನೂರಿನ ನಿಲ್ದಾಣ. ಕೊನೆಗೆ ಮುಟ್ಟಿದ್ದು ಈ ಜೋಡಿಯೇ. ಮಾತಾಡಿದ್ದೆಲ್ಲ ಕಾವ್ಯಾ, ಚನ್ನೇಶ ಹಿಂದೆ ಬೆಂಚಿನ ಮೇಲೆ ಮುಖಕ್ಕೆ ಬಟ್ಟೆ ಒತ್ತಿಕೊಂಡು ಕುಳಿತಿದ್ದ. ಇಬ್ಬರೂ ಆಟದಿಂದ ಹೊರಬಿದ್ದರು. ಕಂತು ಮುಗಿಯಿತು.

"ಬಟ್ಟಿ ತಗೀಲೇ ಇಲ್ಲ," ಎಂದಳು ಬೀರವ್ವ.

"ನಲವತ್ತು ವರ್ಷದಿಂದ ನನಗ ಖಾರ ಹಚ್ಚಾಕತ್ತಾಳ, ಒಬ್ಬನರ ಫೋಟೋ ಹಿಡಿದಾನೇನ?" ಎಂದು ಹೊಳಿಯಪ್ಪ ಬಾಗಿಲಲ್ಲಿ ನಿಂತು ನಗಿಸುತ್ತಿದ್ದ. ಎಲ್ಲರೂ ನಕ್ಕರು, ಹೆಂಡತಿಯನ್ನು ಬಿಟ್ಟು.

ಮರುದಿನದಿಂದ ನೋಡುಗರು ಕಂತಿನ ವಿಡಿಯೊ ಕೆಳಗೆ ಬರೆಯತೊಡಗಿದರು. ಪ್ರಿಯಾಂಕಾ ಫೋನಿನಲ್ಲಿ ಓದಿ ಹೇಳುತ್ತಿದ್ದಳು. 'ಅಜ್ಜಿ ಪ್ಲಾನ್ ಮಾಡ್ಕೊಂಡೇ ಕೂತಿದ್ರು.' 'ಬೇರೆ ಜೋಡಿಯವರು ಹೇಳಿ ಮಾಡ್ಸಿರ್ಬೇಕು.' 'ಎಲ್ಲಾ ಮೊದ್ಲೇ ಬರೆದಿಟ್ಟಿದ್ದು ಗುರು, ನಂಬ್ಬೇಡಿ.' 'ಕಾವ್ಯಾನ ವಾಪಸ್ ಕರ್ಸಿ.' 'ನಮ್ಮ ಉತ್ತರ ಕರ್ನಾಟಕದ ಹುಲಿ ಅಜ್ಜಿ, ಒಂದು ಲೈಕ್ ಕೊಡ್ರಿ.'

ತನ್ನನ್ನು ಬೈದದ್ದೂ ಹೊಗಳಿದ್ದೂ ಬೀರವ್ವನ ಕಿವಿಗೆ ಒಂದೇ ಥರ ಬಿದ್ದು ಹೋಗುತ್ತಿದ್ದವು. ಓದುವುದು ಮುಗಿದಾಗ ಕೇಳುವಳು: "ಆ ಹುಡುಗನ ಕಣ್ಣಿಂದು ಯಾರರ ಬರದಾರೇನವಾ?"

"ಇಲ್ಲಜ್ಜಿ."

"ಇಷ್ಟ ಮಂದಿ ನೋಡ್ಯಾರ, ಒಬ್ರೂ ಕೇಳಿಲ್ಲ? ನೀ ಬರಿ. ಹುಡುಗನ ಕಣ್ಣು ಹೆಂಗೈತಿ ಅಂತ ಬರಿ."

ಪ್ರಿಯಾಂಕಾ ಹಾಗೆಯೇ ಬರೆದಳು. ನಗುವ ಮುಖಗಳ ಸಾಲು ಬಂದಿತು. ಒಬ್ಬ, 'ಅಜ್ಜಿ ಅಭಿಮಾನಿಗಳ ಸಂಘಕ್ಕೆ ಸ್ವಾಗತ' ಎಂದು ಬರೆದ.

ಪೇಟೆಯಲ್ಲಿ ಆಕೆಯ ಪಕ್ಕದಲ್ಲೇ ಕೂರುವ ಮುಮ್ತಾಜಬಿಗೆ ಇದು ಒಳ್ಳೆಯ ವಿಷಯವಾಯಿತು. "ಬೀರವ್ವಕ್ಕಾ, ನನ್ನ ಸೊಸಿ ಕಣ್ಣಾಗ ಏನೋ ಬಿದ್ದೈತಂತ. ಸಂಜಿಕ ಬಂದು ಒಂಚೂರು ಒರಸ್ತೀಯೇನ?"

"ಸುಮ್ನಿರ ಮುಮ್ತಾಜ," ಎಂದಳು ಬೀರವ್ವ. ಆ ದನಿಗೆ ಮುಮ್ತಾಜಬಿಯ ನಗು ಇಳಿಯಿತು. ಆಮೇಲೆ ಮೆಲ್ಲಗೆ, "ಕಡೇ ಕಂತಿನಾಗ ಸೋತವ್ರನ್ನೂ ಕರಸ್ತಾರಂತ. ನೋಡೋಣು ತಗೋ," ಎಂದಳು.

ಆ ಕಂತು ಭಾನುವಾರ ಸಂಜೆ ಬಂದಿತು. ಬೀರವ್ವ ಟಿ.ವಿ.ಗೆ ಮೊಳ ದೂರದಲ್ಲಿ ಕುಳಿತಿದ್ದಳು; ಹಿಂದಿನವರು ತಲೆ ಅಡ್ಡ ಬರುತ್ತದೆಂದು ಗೊಣಗಿದರೂ ಸರಿಯಲಿಲ್ಲ. ಬೇಸಿಗೆಯಲ್ಲೇ ಚಿತ್ರೀಕರಿಸಿಟ್ಟದ್ದು: ಕಾರವಾರದ ಕಡಲತೀರ, ಬಿರುಬಿಸಿಲು. ಸೋತ ಜೋಡಿಗಳು ಹಗ್ಗದಾಚೆ ಸಾಲಾಗಿ ನಿಂತಿದ್ದವು. ಕಾವ್ಯಾ ಇದ್ದಳು. ಪಕ್ಕದಲ್ಲಿ ಚನ್ನೇಶ, ಕಪ್ಪು ಕನ್ನಡಕ ಹಾಕಿಕೊಂಡು.

"ಕರೀ ಕನ್ನಡಕ ಯಾಕ ಹಾಕ್ಯಾನ?" ಬೀರವ್ವನ ದನಿ ಸಣ್ಣದಾಯಿತು.

"ಬಿಸಿಲೈತಿ ಅಜ್ಜಿ. ಎಲ್ಲಾರೂ ಹಾಕ್ಯಾರ ನೋಡು," ಎಂದಳು ಪ್ರಿಯಾಂಕಾ.

"ಎಲ್ಲಾರೂ ಹಾಕಿಲ್ಲ. ಆ ಹುಡುಗಿ ಹಾಕಿಲ್ಲ."

ಅದು ನಿಜವಾಗಿತ್ತು.

ಉಳಿದಿದ್ದ ಎರಡು ಜೋಡಿಗಳಿಗೆ ಕೊನೆಯ ಕೆಲಸ: ಸಮುದ್ರದಲ್ಲಿ ನಿಂತ ಹತ್ತಾರು ಮೀನು ದೋಣಿಗಳ ಪೈಕಿ ತಮ್ಮ ಬಣ್ಣದ ಬಾವುಟವಿರುವ ದೋಣಿ ಹುಡುಕಿ ಮುಟ್ಟಬೇಕು. ಒಂದು ಜೋಡಿ ಹಸಿರು ಬಾವುಟ ಕಾಣದೆ ನೀರಂಚಿನಲ್ಲಿ ಅತ್ತಿಂದಿತ್ತ ಓಡುತ್ತಿತ್ತು. ಹಗ್ಗದಾಚೆ ನಿಂತವರೆಲ್ಲ ಕೂಗುತ್ತಿದ್ದರು. ಆಗ ಚನ್ನೇಶ ಕನ್ನಡಕವನ್ನು ತಲೆಯ ಮೇಲಕ್ಕೆ ಸರಿಸಿದ. ಹಣೆಗೆ ಕೈ ಅಡ್ಡ ಹಿಡಿದು ಬಹಳ ದೂರ ನೋಡಿದ.

"ಅಲ್ಲಿ! ಕೊನೇ ದೋಣಿ ಹಿಂದೆ ಇನ್ನೊಂದಿದೆ ನೋಡಿ! ಹಸಿರು!"

ಕ್ಯಾಮೆರಾ ಅತ್ತ ತಿರುಗಿತು. ನೀರು, ಬಿಸಿಲಿನ ಹೊಳಪು, ಕೆಲವು ಚುಕ್ಕೆಗಳು. ನಮಗೆ ಯಾರಿಗೂ ಏನೂ ಕಾಣಲಿಲ್ಲ. ಆ ಜೋಡಿ ಈಜತೊಡಗಿತು. ಮನೆಯಲ್ಲಿದ್ದ ಹೆಂಗಸರು ಎದ್ದು ನಿಂತು ಕೂಗಿದರು.

"ನನಗ ಕಾಣವಲ್ದು," ಎಂದಳು ಬೀರವ್ವ, ಪರದೆಗೆ ಮೂಗು ತಾಗುವಷ್ಟು ಬಾಗಿ. "ಪ್ರಿಯಾ, ನಿನಗ ಕಾಣತೈತೇನ?"

"ಇಲ್ಲಜ್ಜಿ."

"ಅವಗ ಕಂಡೈತಿ."

ಆಕೆ ಎದ್ದು ಅಡುಗೆಮನೆಗೆ ಹೋದಳು. ನಾನು ಒಳಗೆ ಹೋಗಿ ನೋಡಿದಾಗ ಗೋಡೆಗೆ ಒರಗಿ ಕುಳಿತು, ಮಧ್ಯಾಹ್ನದ ರೊಟ್ಟಿ ಮುರಿದು ಮೊಸರಿಗೆ ಅದ್ದಿ ತಿನ್ನುತ್ತಿದ್ದಳು. ಹಸಿದವರು ತಿನ್ನುವ ಹಾಗೆ, ಅವಸರವಾಗಿ. "ಕುಂದ್ರು ತಮ್ಮಾ, ನೀನೂ ಒಂದು ತಿನ್ನು," ಎಂದಳು. ಕುಳಿತೆ. ಹೊರಗೆ ಯಾರೋ ಗೆದ್ದ ಗದ್ದಲ ಜೋರಾಗಿತ್ತು.

ಸೋಮವಾರ ಮಾದರಿ ತರಲು ಪೇಟೆಗೆ ಹೋದೆ. ಮುಮ್ತಾಜಬಿ ದೊಡ್ಡ ದನಿಯಲ್ಲಿ ಸುದ್ದಿ ಹೇಳುತ್ತಿದ್ದಳು. "ಈಗ ಮಂದಿ ಆ ಹುಡುಗನ್ನ ಬೈಯಾಕತ್ತೈತಿ ಬೀರವ್ವಕ್ಕಾ. ಹೊರಗ ನಿಂತವ ಹೇಳಿಕೊಟ್ಟು ಗೆಲ್ಲಿಸಿದ, ಮೋಸ ಅಂತ."

"ಬೈಲಿ ಬಿಡ. ಕಂಡೈತಿ, ಹೇಳ್ಯಾನ." ಬೀರವ್ವ ನಗುತ್ತಿದ್ದಳು. ಕೈ ತೊಟ್ಟು ಬಿಡಿಸುತ್ತಲೇ ಇತ್ತು. "ಅಂದಂಗ ಗೆದ್ದವ್ರು ಯಾರಂತ?"

"ಅಯ್ಯ! ಟಿ.ವಿ. ಮುಂದ ನೀನ ಕುಂತಿದ್ದೆಲ್ಲ?"

"ನಾ ಅವನ್ನಷ್ಟ ನೋಡಿದೆ," ಎಂದಳು ಬೀರವ್ವ.